ಸವಳು ಹೊಲದಲ್ಲಿ ತರಕಾರಿ: ಜಿಪ್ಸಂಗಿಂತ ಮೊದಲು ನೀರಿನ ಲೆಕ್ಕ

ಗಂಗಾವತಿ, ಸಿಂಧನೂರು, ಮಾನ್ವಿ ಕಡೆಯ ನೀರಾವರಿ ಎರೆ (ಕಪ್ಪು ಮಣ್ಣಿನ) ಹೊಲಗಳಲ್ಲಿ ಬೇಸಿಗೆ ಬಂತೆಂದರೆ ಬೋದಿನ (ಸಸಿ ನೆಡುವ ಮಣ್ಣಿನ ಏರಿಯ) ನೆತ್ತಿಯ ಮೇಲೆ ಬಿಳಿ ಪುಡಿ ಏಳುತ್ತದೆ. ಅದನ್ನು ಕಂಡ ಕೂಡಲೇ ಜಿಪ್ಸಂ ತಂದು ಎರಚುವವರೇ ಹೆಚ್ಚು. ಬರೀ ಸವಳು, ಅಂದರೆ ಉಪ್ಪು ಮಾತ್ರ ಇದ್ದರೆ ಆ ದುಡ್ಡು ದಂಡ. ಇರುವ ಉಪ್ಪಿಗೆ ಇನ್ನಷ್ಟು ಉಪ್ಪು ಸೇರಿಸಿದಂತೆ. ಜಿಪ್ಸಂ ಬೇಕಾಗುವುದು ಸೋಡಿಯಂ ಹಿಡಿದು ಬಿಗಿದುಕೊಂಡ ಕ್ಷಾರ ಮಣ್ಣಿಗೆ.

ಯಾವುದೆಂದು ಮನೆಯಲ್ಲೇ ಅಂದಾಜು ಮಾಡಬಹುದು. ಗಾಜಿನ ಲೋಟದಲ್ಲಿ ಮಳೆನೀರು ಅಥವಾ ಬ್ಯಾಟರಿಗೆ ಹಾಕುವ ಶುದ್ಧ ನೀರು ತುಂಬಿ, ಕಡಲೆಕಾಳಿನಷ್ಟು ಒಣ ಹೆಂಟೆಯನ್ನು ಮೆಲ್ಲಗೆ ಬಿಡಿ. ಒಂದು ದಿನ ಅಲುಗಾಡಿಸಬೇಡಿ. ಹೆಂಟೆಯ ಸುತ್ತ ಹಾಲಿನಂಥ ಮಬ್ಬು ಹರಡಿದರೆ ಸೋಡಿಯಂ ಇದೆ. ಬೋರ್ ನೀರಲ್ಲಿ ಈ ಪರೀಕ್ಷೆ ಮಾಡಬೇಡಿ, ಅದರಲ್ಲಿನ ಉಪ್ಪೇ ಜೇಡಿಯನ್ನು ಹಿಡಿದಿಟ್ಟು ನೀರು ತಿಳಿಯಾಗಿ ಕಾಣುವಂತೆ ಮಾಡುತ್ತದೆ. ಸವಳು ಮತ್ತು ಸೋಡಿಯಂ ಎರಡೂ ಇರುವ ಮಣ್ಣು ಕೂಡ ಹೀಗೇ ಮೋಸ ಮಾಡೀತು. ಹಾಗಾಗಿ ಪ್ರಯೋಗಾಲಯದ ವರದಿ ಬೇಕೇ ಬೇಕು: ಪಿಎಚ್ 8.5 ದಾಟಿ, ವಿನಿಮಯ ಸೋಡಿಯಂ (ಮಣ್ಣಿನ ಕಣಗಳಿಗೆ ಅಂಟಿಕೊಂಡ ಸೋಡಿಯಂ) ಶೇ 15ಕ್ಕಿಂತ ಹೆಚ್ಚಿದ್ದರೆ ಕ್ಷಾರ. ಜಿಪ್ಸಂ ಎಷ್ಟು ಎಂಬುದನ್ನೂ ಅಲ್ಲೇ ಕೇಳಿ ಬರೆಸಿಕೊಳ್ಳಿ.

ವರದಿಯ ಇಸಿ (ವಿದ್ಯುತ್ ವಾಹಕತೆ, ಅಂದರೆ ಉಪ್ಪಿನ ಅಳತೆ) ಅಂಕಿ ಓದುವಾಗಲೂ ಒಂದು ಎಡವಟ್ಟಿದೆ. ಮಣ್ಣಿನ ಕಾರ್ಡ್‌ಗಳಲ್ಲಿ ಸಾಮಾನ್ಯವಾಗಿ ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ನೀರು ಕಲಸಿ ಅಳೆದ ಇಸಿ ಇರುತ್ತದೆ. ಬೆಳೆಗಳ ತಾಳಿಕೆಯ ಪಟ್ಟಿಗಳಲ್ಲಿರುವುದು ಮಣ್ಣನ್ನು ನೀರಿನಲ್ಲಿ ಬರೀ ಕೆಸರಾಗುವಷ್ಟು ನೆನೆಸಿ ತೆಗೆದ ರಸದ ಇಸಿ. ಎರೆ ಮಣ್ಣಿನಲ್ಲಿ ಇದು ಮೊದಲಿನದ್ದರ ಮೂರರಿಂದ ನಾಲ್ಕು ಪಟ್ಟು, ಮರಳು ಮಣ್ಣಿನಲ್ಲಿ ಇನ್ನೂ ಹೆಚ್ಚು. ಕಾರ್ಡಿನಲ್ಲಿ 1 ಇದ್ದರೆ ಬೇರಿಗೆ ತಾಗುವುದು 3ರಿಂದ 4.

ಈ ರಸದ ಇಸಿ 1 ಡಿಎಸ್/ಮೀ (ಡೆಸಿಸೀಮೆನ್ಸ್ ಪ್ರತಿ ಮೀಟರ್, ಇಸಿಯ ಮಾನ) ದಾಟಿದರೆ ಬೀನ್ಸ್ ಸೋಲತೊಡಗುತ್ತದೆ, ಮುಂದಿನ ಪ್ರತಿ ಅಂಕಿಗೂ ಶೇ 19ರಷ್ಟು ಇಳುವರಿ ಹೋಗುತ್ತದೆ. ಈರುಳ್ಳಿ 1.2ರಿಂದ ಶೇ 16ರಂತೆ, ಮೆಣಸಿನಕಾಯಿ 1.5ರಿಂದ ಶೇ 14ರಂತೆ ಕಳೆದುಕೊಳ್ಳುತ್ತವೆ. ಟೊಮೆಟೊ 2.5ರವರೆಗೆ ತಡೆದು ಆಮೇಲೆ ಸುಮಾರು ಶೇ 10ರಂತೆ. ಬದನೆಯದು ವಿಚಿತ್ರ: 1.1ರಲ್ಲೇ ಶುರುವಾದರೂ ಶೇ 7ರಂತೆ ನಿಧಾನ ಇಳಿತ. ಅಲಸಂದೆ 4.9ರ ತನಕ ಜಗ್ಗುವುದಿಲ್ಲ. ಇಸಿ 5 ಇರುವ ಹೊಲದಲ್ಲಿ ಬೀನ್ಸ್ ಹಾಕುವ ಹಟ ಬೇಡ. ಟೊಮೆಟೊ, ಬದನೆ ಹಾಕಿದರೆ ಸುಮಾರು ಮುಕ್ಕಾಲು ಬೆಳೆ ಕೈಗೆ ಬರುತ್ತದೆ.

ಇನ್ನು ನಾಟಿ. ನೀರು ಎತ್ತ ಹೋಗುತ್ತದೋ ಉಪ್ಪೂ ಅತ್ತ ಹೋಗಿ, ನೀರು ಆರಿದಲ್ಲಿ ಕೂರುತ್ತದೆ. ಪ್ರತಿ ಸಾಲಿಗೂ ನೀರು ಬಿಟ್ಟರೆ ಎರಡೂ ಕಡೆಯಿಂದ ಬಂದ ತೇವ ಬೋದಿನ ನಡು ನೆತ್ತಿಯಲ್ಲಿ ಸೇರುತ್ತದೆ. ಸಸಿಯನ್ನು ಅಲ್ಲೇ ಊರಿದರೆ ಅತಿ ಹೆಚ್ಚು ಉಪ್ಪಿರುವ ಜಾಗಕ್ಕೇ ಕೊಟ್ಟಂತಾಯಿತು. ನೆತ್ತಿ ಬಿಟ್ಟು ಇಳಿಜಾರಿನ ಅರ್ಧದಲ್ಲಿ, ತೇವದ ಗೆರೆಗೆ ಸ್ವಲ್ಪ ಮೇಲೆ ನೆಡಿ. ಸಾಲು ಬಿಟ್ಟು ಸಾಲಿಗೆ ನೀರು ಹಾಯಿಸುವವರು ನೀರಿನ ಮಗ್ಗುಲಲ್ಲೇ ನೆಡಬೇಕು, ಉಪ್ಪು ಒಣ ಮಗ್ಗುಲಿಗೆ ಸರಿಯುತ್ತದೆ. ಮೊಳಕೆ ಮತ್ತು ಎಳೆ ಸಸಿಯ ಹಂತ ಬಲು ನಾಜೂಕು. ಸಿಹಿ ನೀರಿನಲ್ಲಿ ಬೆಳೆಸಿದ 30–35 ದಿನದ ಬಲಿತ ಸಸಿ ಸಂಜೆ ಹೊತ್ತು ನೆಟ್ಟರೆ ಬದುಕುವುದು ಜಾಸ್ತಿ.

ಡ್ರಿಪ್‌ನಲ್ಲಿ ಉಪ್ಪು ತೇವದ ಗುಂಡಿನ ಅಂಚಿಗೆ ಹೋಗಿ ಉಂಗುರ ಕಟ್ಟುತ್ತದೆ, ಹಾಗಾಗಿ ಸಸಿ ಡ್ರಿಪ್ಪರ್‌ನಿಂದ ಗೇಣಿನೊಳಗೇ ಇರಲಿ. ಸಣ್ಣ ಮಳೆ ಬಂದಾಗ ಖುಷಿಯಿಂದ ಮೋಟರ್ ಆಫ್ ಮಾಡುವುದೇ ದೊಡ್ಡ ತಪ್ಪು. ಆ ಹನಿಗಳು ಅಂಚಿನ ಉಪ್ಪನ್ನು ಕರಗಿಸಿ ಬೇರಿನ ಬುಡಕ್ಕೇ ತಳ್ಳುತ್ತವೆ, ಕೆಲವೇ ದಿನದಲ್ಲಿ ಎಲೆ ಅಂಚು ಸುಟ್ಟಂತಾಗುತ್ತದೆ. ತುಂತುರು ಮಳೆಯಲ್ಲಿ ಡ್ರಿಪ್ ಓಡುತ್ತಲೇ ಇರಲಿ. ನೆಲ ಆಳಕ್ಕೆ ನೆನೆಯುವ ಮಳೆಯಾದರೆ ಮಾತ್ರ ನಿಲ್ಲಿಸಿ.

ಉಪ್ಪನ್ನು ಕೆಳಗೆ ತೊಳೆಯಲು ಪ್ರತಿ ಸಲವೂ ಸ್ವಲ್ಪ ಹೆಚ್ಚುವರಿ ನೀರು ಬೇಕು. ಲೆಕ್ಕ ಸುಲಭ: ಬೆಳೆ ತಾಳುವ ಇಸಿಯನ್ನು 5ರಿಂದ ಗುಣಿಸಿ, ಅದರಲ್ಲಿ ನೀರಿನ ಇಸಿ ಕಳೆಯಿರಿ, ಬಂದದ್ದರಿಂದ ನೀರಿನ ಇಸಿಯನ್ನು ಭಾಗಿಸಿ. ಬೋರ್ ನೀರು 1.5, ಟೊಮೆಟೊ 2.5 ಆದರೆ 1.5ನ್ನು 11ರಿಂದ ಭಾಗಿಸಬೇಕು, ಅಂದರೆ ಕೊಡುವ ನೀರಿನಲ್ಲಿ ಶೇ 14 ಬೇರು ದಾಟಿ ಇಳಿಯಬೇಕು. ಆದರೆ ಇಳಿದ ನೀರಿಗೆ ಹೊರದಾರಿ ಇರಬೇಕು. ಬಸಿಗಾಲುವೆ ಹೂತುಹೋಗಿ ಅಂತರ್ಜಲ ಮೂರ್ನಾಲ್ಕು ಅಡಿಯಲ್ಲೇ ನಿಂತಿದ್ದರೆ, ತೊಳೆದಷ್ಟೂ ಜವುಳು (ನೀರು ನಿಂತು ಕೆಸರಾಗುವುದು) ಹೆಚ್ಚಾಗಿ ಅದೇ ಉಪ್ಪು ಮತ್ತೆ ಮೇಲೇರುತ್ತದೆ. ಮೊದಲು ಬಸಿಗಾಲುವೆ ಹೂಳು ತೆಗೆಸಿ.

ಗೊಬ್ಬರದಲ್ಲಿ ಎಂಒಪಿ (ಪೊಟ್ಯಾಶಿಯಂ ಕ್ಲೋರೈಡ್) ಬಿಟ್ಟು ಎಸ್‌ಒಪಿ (ಪೊಟ್ಯಾಶಿಯಂ ಸಲ್ಫೇಟ್) ಕೊಡಿ, ದುಬಾರಿಯಾದರೂ ಕ್ಲೋರೈಡ್ ಸೇರುವುದಿಲ್ಲ. ಕೋಳಿ ಗೊಬ್ಬರದಲ್ಲೂ ಉಪ್ಪು ಜಾಸ್ತಿ, ಕೊಟ್ಟಿಗೆ ಗೊಬ್ಬರವೇ ವಾಸಿ. ಟೊಮೆಟೊ ಹಣ್ಣಿನ ತುದಿ ಕಪ್ಪಾದರೆ ರೋಗವೆಂದು ಔಷಧಿ ಹೊಡೆಯಬೇಡಿ. ಉಪ್ಪಿನ ನಡುವೆ ಗಿಡಕ್ಕೆ ಕ್ಯಾಲ್ಸಿಯಂ ಸಾಲದಾಗಿದೆ. ಕ್ಯಾಲ್ಸಿಯಂ ನೈಟ್ರೇಟ್ ಕೊಟ್ಟು, ನೀರು ಏರುಪೇರಾಗದಂತೆ ನೋಡಿಕೊಳ್ಳಿ.

ಬೆಳೆ ಮುಗಿದ ಮೇಲೆ ಹೊಲ ಬರಿದಾಗಿ ಬಿಟ್ಟರೆ ಬಿಸಿಲು ಕೆಳಗಿನ ಉಪ್ಪನ್ನು ಮೇಲಕ್ಕೆ ಎಳೆಯುತ್ತದೆ. ನೀರಿದ್ದರೆ ಡಯಾಂಚ ಎಂಬ ಹಸಿರೆಲೆ ಗೊಬ್ಬರದ ಬೆಳೆ ಬಿತ್ತಿ 45–50 ದಿನಕ್ಕೆ, ಹೂ ಬರುವ ಮುಂಚೆ ಮಣ್ಣಿಗೆ ಸೇರಿಸಿ. ನೀರಿಲ್ಲದಿದ್ದರೆ ಸೊಪ್ಪು, ರವದಿ, ಏನಾದರೂ ಸರಿ, ದಪ್ಪಗೆ ಹೊದಿಸಿ.