ಕುಕ್ಕುಲೋಟದ ಗಾಡಿ: ಕೆಲಸ ಎಲ್ಲಿಗೆ ಬಂತು

ಮೂರನೇ ಗಾಡಿ ಉರುಳುತ್ತಿದೆ. ಟ್ರ್ಯಾಕಿನ ಒಂದು ತಿರುವು ಮುಗಿದಿದೆ, ಇನ್ನೊಂದಕ್ಕೆ ಗರಸು ಬಿದ್ದಿಲ್ಲ. ಕುದುರೆಗಳು ಐದು. ಹೇಳಿದ ಗತಿಯಲ್ಲಿ ಕೊನೆವರೆಗೂ ಓಡುವವು ಅದರಲ್ಲಿ ಮೂರು.

ಹೊಸದಾಗಿ ಓದುವವರಿಗಾಗಿ ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ನಮ್ಮ ಜಮಖಂಡಿ, ಅಥಣಿ, ರಾಯಬಾಗ ಕಡೆ ಎಷ್ಟೋ ಊರುಗಳ ಜಾತ್ರೆಯಲ್ಲಿ ಕುದುರೆ ಗಾಡಿ ಶರ್ಯತ್ತು ನಡೆಯುತ್ತದೆ. ಡಾಂಬರು ರಸ್ತೆ, ಬೆನ್ನಿಗೆ ಬೈಕುಗಳ ಹಿಂಡು, ಹಾರ್ನು, ಕೇಕೆ, ಗಾಡಿ ಕಟ್ಟಿದ ಕುದುರೆ ನಾಗಾಲೋಟದಲ್ಲಿ. ಗೆದ್ದವನಿಗೆ ಬಹುಮಾನ, ಉಳಿದವರಿಗೆ ಧೂಳು. ಮರುದಿನ ಯಾವ ಕುದುರೆ ಎಷ್ಟು ಹೊತ್ತಿನಲ್ಲಿ ಓಡಿತೆಂದು ಕೇಳಿದರೆ ಹೇಳುವವರಿಲ್ಲ, ಏಕೆಂದರೆ ಯಾರೂ ಬರೆದುಕೊಂಡಿರುವುದಿಲ್ಲ. ನನ್ನದು ಟ್ರ್ಯಾಕ್ಟರ್ ಟ್ರೇಲರ್ ಮಾಡುವ ವೆಲ್ಡಿಂಗ್ ಅಂಗಡಿ. ಅಮೆರಿಕದ ಒಹಾಯೋ ರಾಜ್ಯದ ಹಳ್ಳಿಗಾಡಿನ ಜಾತ್ರೆಗಳಲ್ಲಿ ಇದೇ ಗಾಡಿ ಕಟ್ಟಿದ ಕುದುರೆಗಳು ಮಣ್ಣಿನ ಟ್ರ್ಯಾಕಿನಲ್ಲಿ, ನಾಗಾಲೋಟಕ್ಕೆ ಹೋಗದೆ, ಕುಕ್ಕುಲೋಟದಂಥ ಹಿಡಿತದ ಗತಿಯಲ್ಲೇ ಓಡುವುದನ್ನು ನೋಡಿದಾಗಿನಿಂದ (ಮೊಬೈಲಿನಲ್ಲಿ ಮಾತ್ರ, ಅಷ್ಟು ದೂರ ಹೋದವನಲ್ಲ) ಹತ್ತಿದ ಹುಚ್ಚು ಇದು. ನಾವು ನಾಲ್ಕೈದು ಜನ ಸೇರಿ ಒಂದು ಬೀಳು ಹೊಲದಲ್ಲಿ ಅದನ್ನು ಮಾಡಿ ನೋಡುತ್ತಿದ್ದೇವೆ.

ಬನಶಂಕರಿ ಜಾತ್ರೆ ಆದಮೇಲೆ

ಹೆಚ್ಚು ತಲೆ ತಿಂದದ್ದು ಗಾಲಿ. ಮೊದಲ ಗಾಡಿಗೆ 36 ಕಡ್ಡಿಯ ಸಾದಾ ಸೈಕಲ್ ಗಾಲಿ ಹಾಕಿ, ಅಚ್ಚನ್ನು ಒಳಬದಿಯಿಂದ ಮಾತ್ರ ಹಿಡಿಸಿದ್ದೆವು. ನೇರ ದಾರಿಯಲ್ಲಿ ಬೆಣ್ಣೆಯಂತೆ ಹೋಯಿತು. ತಿರುವು ಹೊಡೆದು ಬರುವಷ್ಟರಲ್ಲಿ ಹೊರಗಿನ ಗಾಲಿಯ ರಿಮ್ ಔಟ್. ಸೈಕಲ್ ತಿರುಗುವಾಗ ವಾಲುತ್ತದೆ, ಹಾಗಾಗಿ ಭಾರ ಕಡ್ಡಿಗಳ ಉದ್ದಕ್ಕೇ ಇಳಿಯುತ್ತದೆ. ಎರಡು ಗಾಲಿಯ ಗಾಡಿ ವಾಲುವುದಿಲ್ಲ, ಅದರ ಭಾರ ಗಾಲಿಯನ್ನು ಅಡ್ಡಕ್ಕೆ ಒತ್ತುತ್ತದೆ. ಆ ಒತ್ತಡಕ್ಕೆ ಸೈಕಲ್ ಕಡ್ಡಿ ಹುಟ್ಟಿದ್ದೇ ಅಲ್ಲ.

ಎರಡನೇ ಗಾಡಿಗೆ ಮೊಪೆಡ್ ಗಾಲಿ. ಗಟ್ಟಿ, ಆದರೆ ಭಾರ. ಮೂರನೆಯದಕ್ಕೆ ಸರಕು ಸಾಗಿಸುವ ಟ್ರೈಸಿಕಲ್ಲಿನ ದಪ್ಪ ಕಡ್ಡಿ ಕಟ್ಟಿಸಿ, ಪ್ರತಿ ಗಾಲಿಯನ್ನೂ ಒಳಗೂ ಹೊರಗೂ ಎರಡು ಕಡೆ ಹಿಡಿಯುವ ಪೈಪಿನ ಕವಲು ಮಾಡಿದೆ. ಅಮೆರಿಕದವರ ಸಲ್ಕಿಯಲ್ಲಿ, ಅಂದರೆ ಎರಡು ಗಾಲಿಯ ಓಟದ ಗಾಡಿಯಲ್ಲಿ, ಇರುವುದೂ ಇದೇ ಕಟ್ಟು. ಅವರು 1892ರಲ್ಲಿ ದೊಡ್ಡ ಮರದ ಗಾಲಿ ಬಿಟ್ಟು, ಬಾಲ್ ಬೇರಿಂಗ್ ಇದ್ದ, ಗಾಳಿ ತುಂಬಿದ ಸೈಕಲ್ ಗಾಲಿಗೆ ಬಂದರು. ಆ ವರ್ಷವೇ ನ್ಯಾನ್ಸಿ ಹ್ಯಾಂಕ್ಸ್ ಎಂಬ ಹೆಣ್ಣು ಕುದುರೆ ಮೈಲಿಯನ್ನು 2 ನಿಮಿಷ 4 ಸೆಕೆಂಡಿಗೆ ಓಡಿತು. ಹಿಂದಿನ ವರ್ಷದ ದಾಖಲೆ 2 ನಿಮಿಷ 8 ಸೆಕೆಂಡಿನ ಮೇಲಿತ್ತು. ಕುದುರೆಯ ಕಾಲು ವರ್ಷದೊಳಗೆ ಅಷ್ಟು ಬದಲಾಗುವುದಿಲ್ಲ, ಗಾಲಿ ಬದಲಾಗಿತ್ತು. ವೆಲ್ಡಿಂಗ್ ಮಾಡುವವನಿಗೆ ಇದಕ್ಕಿಂತ ಹುರುಪು ತರುವ ಸುದ್ದಿ ಬೇಕೇ?

ಇನ್ನೊಂದು ಲೆಕ್ಕ, ಕೂರುವ ಜಾಗದ್ದು. 60 ಕಿಲೋ ಮನುಷ್ಯ ಅಚ್ಚಿಗಿಂತ 20 ಸೆಂಟಿಮೀಟರ್ ಮುಂದೆ ಕೂತರೆ, 180 ಸೆಂಟಿಮೀಟರ್ ಆಚೆ ಇರುವ ಕುದುರೆಯ ಬೆನ್ನಿನ ಮೇಲೆ ಸುಮಾರು 6.7 ಕಿಲೋ ಬೀಳುತ್ತದೆ. 5 ಸೆಂಟಿಮೀಟರಿಗೆ ಇಳಿಸಿದರೆ ಎರಡು ಕಿಲೋ ಒಳಗೆ. ಹಿಂದಕ್ಕೆ ಹೋದರೆ ಮುಂದಿನ ಕೋಲುಗಳು ಮೇಲೆದ್ದು ಹೊಟ್ಟೆಪಟ್ಟಿಯನ್ನು ಎಳೆಯುತ್ತವೆ. ಹಾಗಾಗಿ ಕುರ್ಚಿಯನ್ನು ಬೋಲ್ಟಿನಲ್ಲಿ ಹಿಂದೆ ಮುಂದೆ ಸರಿಸುವಂತೆ ಮಾಡಿದ್ದೇನೆ, ಓಡಿಸುವವನ ತೂಕ ನೋಡಿ ಸ್ಪ್ರಿಂಗ್ ತಕ್ಕಡಿಯಿಂದ ಹೊಂದಿಸುತ್ತೇವೆ. ಗಾಡಿಯ ತೂಕ ಈಗ 31 ಕಿಲೋ. ಅಲ್ಲಿಯವರ ಸ್ಪರ್ಧೆಯ ಗಾಡಿ ಇದಕ್ಕಿಂತ ಎಷ್ಟೋ ಹಗುರ, ಆದರೆ ನಮ್ಮ ಟಾಂಗಾ ಪಕ್ಕದಲ್ಲಿ ನಿಲ್ಲಿಸಿದರೆ ಇದು ಆಟಿಕೆ. ಕುದುರೆಯ ಗೊರಸು ಕಡ್ಡಿಗೆ ಸಿಗದಂತೆ ಹಳೆಯ ನೀಲಿ ಡ್ರಮ್ ಕತ್ತರಿಸಿ ಗಾಲಿಗೆ ಮುಚ್ಚಳ ಹಾಕಿದ್ದೇವೆ. ನೋಡಲು ಚೆನ್ನಾಗಿಲ್ಲ, ಇರಲಿ.

ಯುಗಾದಿ

ನೆಲ. ಒಹಾಯೋದ ಜಾತ್ರೆ ಟ್ರ್ಯಾಕುಗಳು ಹೆಚ್ಚಾಗಿ ಅರ್ಧ ಮೈಲಿಯವು, ಅಂದರೆ 805 ಮೀಟರ್. ಅಲ್ಲಿನ ಡೆಲವೇರ್ ಕೌಂಟಿ ಜಾತ್ರೆಯಲ್ಲಿ 1946ರಿಂದ ನಡೆದು ಬಂದಿರುವ ಲಿಟಲ್ ಬ್ರೌನ್ ಜಗ್ ಎಂಬ ದೊಡ್ಡ ಓಟವೂ ಅಂಥದೇ ಟ್ರ್ಯಾಕಿನಲ್ಲಿ. ನಮಗೆ ಸಿಕ್ಕ ಹೊಲದಲ್ಲಿ 600 ಮೀಟರ್ ಕೂಡಿತು: 120 ಮೀಟರಿನ ಎರಡು ನೇರ ದಾರಿ, 57 ಮೀಟರ್ ತ್ರಿಜ್ಯದ ಎರಡು ತಿರುವು, 8 ಮೀಟರ್ ಅಗಲ. ಎಂಟು ಎಕರೆ ಚಿಲ್ಲರೆ ತಿಂದಿತು. ಸೆಕೆಂಡಿಗೆ 8 ಮೀಟರ್ ವೇಗದಲ್ಲಿ ಇಂಥ ತಿರುವಿಗೆ ಪೂರ್ತಿ ಇಳಿಜಾರು ಕೊಡಬೇಕೆಂದರೆ ಹೊರಅಂಚು ಒಳಅಂಚಿಗಿಂತ 90 ಸೆಂಟಿಮೀಟರ್ ಎತ್ತರ ಇರಬೇಕು. ನಾವು 45ಕ್ಕೆ ನಿಲ್ಲಿಸಿದೆವು. ನಿಧಾನ ನಡೆಯುವ ಕುದುರೆಯ ಕಾಲಿಗೆ ಹೆಚ್ಚಿನ ಇಳಿಜಾರು ಒಳ್ಳೆಯದಲ್ಲ.

ಎರೆ ಮಣ್ಣಿನ ಮೇಲೆ ಟ್ರ್ಯಾಕ್ ಮಾಡುವುದೆಂದರೆ ಜಗಳ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು, ಮಳೆಗೆ ಮೊಣಕಾಲವರೆಗೆ ಕೆಸರು. ಮೇಲಿನ ಎರೆಯನ್ನು ಕೆರೆದು ತೆಗೆದು ಗರಸು ಹಾಕಿ ರೋಲರ್ ಹೊಡೆಸಿ, ಅದರ ಮೇಲೆ ಎರಡು ಬೆರಳು ಕಲ್ಲುಪುಡಿ ಹರಡಿದ್ದೇವೆ. ಲೋಕಾಪುರದ ಕಡೆ ಸುಣ್ಣದ ಕಲ್ಲಿಗೆ ಬರವಿಲ್ಲ. ಅಮೆರಿಕದಲ್ಲೂ ಎಷ್ಟೋ ಟ್ರ್ಯಾಕುಗಳ ಮೇಲ್ಪದರ ಕಲ್ಲುಪುಡಿಯೇ. ಸಂಜೆ ನೀರು ಹೊಡೆದು ಬೆಳಿಗ್ಗೆ ಕುಂಟೆ ಎಳೆದರೆ ಗೊರಸಿಗೆ ಹಿಡಿತವೂ ಸಿಗುತ್ತದೆ, ಪೆಟ್ಟೂ ತಟ್ಟುವುದಿಲ್ಲ. ಡಾಂಬರಿನ ಮೇಲೆ ಓಡಿ ಮುಂಗಾಲಿನ ನರ ಊದಿಸಿಕೊಂಡ ಕುದುರೆಗಳನ್ನು ನೋಡಿದವರಿಗೆ ಈ ಖರ್ಚು ಯಾಕೆಂದು ಬಿಡಿಸಿ ಹೇಳಬೇಕಿಲ್ಲ.

ಕಾರ ಹುಣ್ಣಿಮೆ

ಊರ ತುಂಬ ಎತ್ತಿನ ಸಡಗರ. ನಾವು ಮಾತ್ರ ಬೆಳಗಿನ ಜಾವ ಕುದುರೆ ಕಾಲು ನೋಡುತ್ತ ಕೂತಿದ್ದೆವು.

ಈ ಆಟದ ಜೀವ ಇರುವುದು ಒಂದೇ ನಿಯಮದಲ್ಲಿ. ಕುದುರೆ ಕುಕ್ಕುಲೋಟದಲ್ಲೇ ಓಡಬೇಕು: ಎಡ ಮುಂಗಾಲಿನ ಜೊತೆ ಬಲ ಹಿಂಗಾಲು, ಬಲ ಮುಂಗಾಲಿನ ಜೊತೆ ಎಡ ಹಿಂಗಾಲು. ನಾಗಾಲೋಟಕ್ಕೆ ಜಾರಿದರೆ ಓಡಿಸುವವನು ಲಗಾಮು ಹಿಡಿದು ಮತ್ತೆ ಗತಿಗೆ ತರಬೇಕು. ಆ ಹೊತ್ತಿನಲ್ಲಿ ಒಂದು ಹೆಜ್ಜೆಯೂ ಮುಂದೆ ಗಳಿಸಕೂಡದು. ಗಳಿಸಿದರೆ ಅವನ ಸ್ಥಾನ ಹಿಂದಕ್ಕೆ. ಇದರಿಂದ ಚಾಬೂಕಿನ ಬೆಲೆ ತಾನಾಗಿ ಇಳಿಯುತ್ತದೆ, ಹೊಡೆದರೆ ಕುದುರೆ ಹಾರುತ್ತದೆ, ಹಾರಿದರೆ ಸೋಲು. ನಾವು ಚಾಬೂಕನ್ನು ಟ್ರ್ಯಾಕಿನ ಹೊರಗೇ ಇಟ್ಟಿದ್ದೇವೆ.

ನಮ್ಮ ಜೊತೆ ಇರುವ, ಹರೆಯದಿಂದ ಟಾಂಗಾ ಹೊಡೆದ ಕಾಕಾ ಇದನ್ನು ಒಪ್ಪಲು ತಿಂಗಳುಗಟ್ಟಲೆ ಹಿಡಿಯಿತು. "ತಮ್ಮಾ, ಕುದುರಿ ಹಾರಿದಾಗ ಮಂದಿ ಕೂಗ್ತಾರ. ನೀ ಹಾರಬ್ಯಾಡ ಅಂತಿ. ಮತ್ತ ನೋಡಾಕ ಯಾರ್ ಬರ್ತಾರ?" ಅವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ನೋಡುವ ಕಣ್ಣಿಗೆ ಅಭ್ಯಾಸ ಬೇಕಾದ ಓಟ ಇದು. ಆದರೆ ಟಾಂಗಾ ಎಳೆದ ಕುದುರೆಗೆ ಈ ಗತಿ ಮೊದಲೇ ಗೊತ್ತು ಎಂಬುದನ್ನು ತೋರಿಸಿಕೊಟ್ಟವರೂ ಅವರೇ. ಮದುವೆ ಮೆರವಣಿಗೆಗೆ ಕುಣಿಸಲು ಕಲಿಸಿದ ಕುದುರೆ ಎರಡು ಸುತ್ತಿನಲ್ಲಿ ಎಷ್ಟು ಸಲ ಗತಿ ಮುರಿಯಿತೋ, ಟಾಂಗಾದ ಹಳೆಯ ಕುದುರೆ ಒಮ್ಮೆಯೂ ಮುರಿಯಲಿಲ್ಲ. ನಾಲಬಂದರು ಹೇಳಿದ ಉಪಾಯವೂ ಕೆಲಸ ಮಾಡಿತು: ಮುಂಗಾಲಿಗೆ ಹಿಂಗಾಲಿಗಿಂತ ತುಸು ಭಾರದ ಲಾಳ ಹಾಕಿದರೆ ಕುದುರೆ ಮುಂಗಾಲನ್ನು ಇನ್ನಷ್ಟು ಚಾಚಿ ಇಡುತ್ತದೆ. ಅಮೆರಿಕದ ತರಬೇತುದಾರರೂ ಇದನ್ನೇ ಮಾಡುತ್ತಾರೆಂದು ಅವರಿಗೆ ಹೇಳಿದೆ. "ಹಂಗಾರ ಅವರಿಗೂ ತಿಳೀತೈತಿ" ಅಂದರು.

ತೀರ್ಪಿನ ಜಗಳ ತಪ್ಪಿಸಲು ಎರಡೂ ನೇರ ದಾರಿಯ ಪಕ್ಕದಲ್ಲಿ ಮೊಬೈಲಿನ ಸ್ಲೋ ಮೋಷನ್ ವಿಡಿಯೋ ಇಟ್ಟಿದ್ದೇವೆ. ಕಾಲುಗಳ ಜೋಡಿ ಅದರಲ್ಲಿ ಸ್ಪಷ್ಟ ಕಾಣುತ್ತದೆ. ಹಾಗೆ ನೋಡುವಾಗಲೇ ಒಂದು ಹೆಣ್ಣು ಕುದುರೆಯ ಗುಟ್ಟು ಹೊರಬಿತ್ತು. ಮಹಾರಾಷ್ಟ್ರದ ಸಾರಂಗಖೇಡ ಕುದುರೆ ಜಾತ್ರೆಯಿಂದ ತಂದ ಕೆಂದು ಬಣ್ಣದ್ದು, ಮಾರವಾಡಿ ರಕ್ತ ಇದೆಯೆಂದು ಮಾರಿದವನ ಮಾತು. ಇದು ಒಂದೇ ಪಕ್ಕದ ಮುಂಗಾಲು ಹಿಂಗಾಲನ್ನು ಜೊತೆಗೆ ಎತ್ತಿ ಓಡುತ್ತದೆ, ಸವಾರನಿಗೆ ಕುಲುಕೇ ಇಲ್ಲ. ನಮ್ಮವರು ಇದನ್ನು ರವಾಲ ಚಾಲು ಅಂತಾರೆ. ಅಮೆರಿಕದಲ್ಲಿ ಹೀಗೆ ಓಡುವವುಗಳಿಗೆ ಬೇರೆಯೇ ಓಟ. ಕುದುರೆಗಳ ಇಂಥ ಗತಿಗಳ ಹಿಂದೆ ಡಿಎಂಆರ್‌ಟಿ3 ಎಂಬ ಜೀನಿನ ಒಂದು ಬದಲಾವಣೆ ಇದೆಯೆಂದು 2012ರಲ್ಲಿ ಸ್ವೀಡನ್ನಿನ ಉಪ್ಸಾಲದ ವಿಜ್ಞಾನಿಗಳು ತೋರಿಸಿದರು. ನಮ್ಮ ಕೆಂದಿಯ ರಕ್ತದಲ್ಲಿ ಅದು ಇದೆಯೋ ಏನೋ, ಓಟವಂತೂ ನಿಜ.

ಇನ್ನು ಗಡಿಯಾರ. ಅಮೆರಿಕದಲ್ಲಿ ಈ ಆಟ ಹಳ್ಳಿ ರಸ್ತೆಯ ಪಂಥದಿಂದ ಕಸುಬಿನ ಮಟ್ಟಕ್ಕೆ ಏರಿದ್ದು ಹಣದಿಂದ ಎಂದು ಮೊದಲು ನಾನೂ ತಿಳಿದಿದ್ದೆ. ಓದುತ್ತ ಹೋದರೆ ಹಣಕ್ಕಿಂತ ಮುಂಚೆ ಕಾಣುವುದು ಕುದುರೆಗಳ ದಾಖಲೆ ಬರೆದಿಟ್ಟ ಪುಸ್ತಕ. ಒಂದು ಕಾಲಕ್ಕೆ ಸಿಂಪಿ ಮಾರುವ ಗಾಡಿ ಎಳೆದಿತ್ತೆಂದು ಹೇಳುವ ಲೇಡಿ ಸಫೋಕ್ ಎಂಬ ಕುದುರೆ 1845ರಲ್ಲಿ ಮೈಲಿಯನ್ನು 2 ನಿಮಿಷ 29½ ಸೆಕೆಂಡಿಗೆ ಓಡಿತ್ತು. 1879ರಲ್ಲಿ ತಳಿಗಾರರ ಸಂಘ ಆ 2 ನಿಮಿಷ 30 ಸೆಕೆಂಡನ್ನೇ ಗೆರೆಯಾಗಿ ಎಳೆಯಿತು. ಅದರೊಳಗೆ ಓಡಿದ ಕುದುರೆಗೆ ಪುಸ್ತಕದಲ್ಲಿ ಜಾಗ. ಬಣ್ಣ, ಎತ್ತರ, ಸುಳಿ ಯಾವುದೂ ಲೆಕ್ಕಕ್ಕಿಲ್ಲ. ಅಲ್ಲಿ ಗಾಡಿ ಓಟಕ್ಕೆ ಕಟ್ಟುವ ಸ್ಟ್ಯಾಂಡರ್ಡ್‌ಬ್ರೆಡ್ ತಳಿ ಗಟ್ಟಿಯಾದದ್ದು ಹಾಗೆ. 2022ರಲ್ಲಿ ಬುಲ್‌ಡಾಗ್ ಹ್ಯಾನೋವರ್ ಎಂಬ ಕುದುರೆ, ನಮ್ಮ ಕೆಂದಿಯ ಗತಿಯದೇ, ಮೈಲಿಯನ್ನು 1 ನಿಮಿಷ 46 ಸೆಕೆಂಡಿನೊಳಗೆ ಮುಗಿಸಿತು. ಗಂಟೆಗೆ ಸುಮಾರು 55 ಕಿಲೋಮೀಟರ್, ಅದೂ ನಾಗಾಲೋಟವಿಲ್ಲದೆ.

ನಮ್ಮ ನೋಟ್‌ಬುಕ್ಕಿನಲ್ಲಿ ಈಗ ಕುದುರೆಯ ಹೆಸರು, ಹಲ್ಲು ನೋಡಿ ಹೇಳಿದ ವಯಸ್ಸು, ಲಾಳದ ತೂಕ, ಓಡಿಸಿದವರು, ನೆಲದ ಸ್ಥಿತಿ, ಗತಿ ಮುರಿದದ್ದೆಷ್ಟು ಸಲ, ಹೊತ್ತು ಎಷ್ಟು, ಎಲ್ಲ ಇದೆ. ಒಳ್ಳೆಯ ಹೊತ್ತು ಟಾಂಗಾ ಕುದುರೆಯದು: ಎರಡು ಸುತ್ತು, 1200 ಮೀಟರ್, 2 ನಿಮಿಷ 31 ಸೆಕೆಂಡು. ಮೈಲಿಗೆ ಲೆಕ್ಕ ಹಾಕಿದರೆ 3 ನಿಮಿಷ 22. ಲೇಡಿ ಸಫೋಕ್ ಮುಂದೆ ತಲೆ ತಗ್ಗಿಸಬೇಕಾದ್ದೇ, ಆದರೆ ಈ ಸೀಮೆಯಲ್ಲಿ ಬರೆದಿಟ್ಟ ಕುದುರೆ ಗಾಡಿಯ ಹೊತ್ತು ಬೇರೆ ಯಾರಲ್ಲಾದರೂ ಇದ್ದರೆ ತೋರಿಸಿ.

ನಾಗರ ಪಂಚಮಿ

ಮಳೆ. ಟ್ರ್ಯಾಕ್ ಬಂದ್. ಪಶುವೈದ್ಯರು ಐದೂ ಕುದುರೆಗಳ ರಕ್ತ ತೆಗೆದು ಗ್ಲ್ಯಾಂಡರ್ಸ್ ಪರೀಕ್ಷೆಗೆ ಕಳಿಸಿದರು. ಕುದುರೆಯಿಂದ ಮನುಷ್ಯನಿಗೂ ಹತ್ತುವ ರೋಗ ಅದು. ಈ ಪರೀಕ್ಷೆಗೆ ದೇಶದ ಮುಖ್ಯ ಜಾಗ ಹಿಸಾರ್‌ನ ರಾಷ್ಟ್ರೀಯ ಕುದುರೆ ಸಂಶೋಧನಾ ಕೇಂದ್ರ. ನಮ್ಮವೆಲ್ಲ ಪಾಸು.

ಕಾಯ್ದೆಯ ಕಡತವನ್ನೂ ಈ ಬಿಡುವಿನಲ್ಲೇ ಓದಿದ್ದು. ಕಂಬಳ, ಎತ್ತಿನ ಗಾಡಿ ಓಟಕ್ಕೆ ದಾರಿ ಮಾಡಿದ ಕರ್ನಾಟಕದ 2017ರ ತಿದ್ದುಪಡಿಯನ್ನು ಸುಪ್ರೀಂ ಕೋರ್ಟು 2023ರ ಮೇ 18ರಂದು ಎತ್ತಿಹಿಡಿಯಿತಲ್ಲ, ಅದರಲ್ಲಿ ಕುದುರೆಯ ಹೆಸರಿಲ್ಲ. ಹಾಗಾಗಿ ಅದರ ನೆರಳಿನಲ್ಲಿ ನಾವು ನಿಲ್ಲಲಾಗದು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಪ್ರಾಣಿಗಳನ್ನು ಪ್ರದರ್ಶನಕ್ಕೆ ಪಳಗಿಸುವವರಿಗೂ ತೋರಿಸುವವರಿಗೂ ನೋಂದಣಿ ಬೇಕು. ಜನರನ್ನು ಕರೆದು ಓಟ ಇಡುವ ಮುಂಚೆ ಆ ಕಾಗದ ಕೈಯಲ್ಲಿರಬೇಕೆಂದು ತೀರ್ಮಾನ. ಅಲ್ಲಿಯವರೆಗೆ ನಮ್ಮ ನಮ್ಮೊಳಗಿನ ಓಟ ಮಾತ್ರ.

ಸೀಗಿ ಹುಣ್ಣಿಮೆ

ಓಟ ಶುರು ಮಾಡುವುದು ಓಟಕ್ಕಿಂತ ಕಷ್ಟ. ನಿಂತಲ್ಲಿಂದ ಬಿಟ್ಟರೆ ಗಾಬರಿಗೆ ಒಂದೆರಡು ಹಾರಿಯೇ ಹೊರಡುತ್ತವೆ. ಅಮೆರಿಕದಲ್ಲಿ 1946ರಿಂದ ಇದಕ್ಕೊಂದು ಗಾಡಿ ಇದೆ: ಎರಡೂ ಬದಿಗೆ ರೆಕ್ಕೆ ಚಾಚಿದ ಕಾರು ಮುಂದೆ ಹೋಗುತ್ತದೆ, ಕುದುರೆಗಳು ರೆಕ್ಕೆಗೆ ಮೂಗು ಹಚ್ಚಿ ಗತಿಯಲ್ಲೇ ಬರುತ್ತವೆ, ಗೆರೆ ಮುಟ್ಟಿದೊಡನೆ ರೆಕ್ಕೆ ಮಡಚಿ ಕಾರು ಜಾರಿಕೊಳ್ಳುತ್ತದೆ. ನಮ್ಮದು ಟಾಟಾ ಏಸ್. ಬಾಗಿಲಿನ ಕೀಲು ಹಾಕಿ ಎರಡು ಬಿದಿರಿನ ರೆಕ್ಕೆ ಕಟ್ಟಿ, ಹಿಂದೆ ಕೂತ ಇಬ್ಬರು ಹಗ್ಗ ಎಳೆದು ಮಡಚುತ್ತಾರೆ. ಡೀಸೆಲ್ ಸದ್ದಿಗೆ ಕುದುರೆಗಳು ಒಂದು ವಾರ ಹತ್ತಿರ ಬರಲಿಲ್ಲ. ಏಸ್ ಪಕ್ಕದಲ್ಲೇ ಕಡಲೆ ಇಟ್ಟು ತಿನ್ನಿಸಿದ ಮೇಲೆ ಈಗ ಅದು ಬಂದರೆ ಕಿವಿ ನಿಮಿರಿಸಿ ತಾವೇ ಹೋಗುತ್ತವೆ.

ಐದೂ ಕುದುರೆಗಳ ಒಂದು ಓಟ ಮಾಡಿದೆವು. ಬಹುಮಾನ ಒಟ್ಟು 20,000 ರೂಪಾಯಿ, ನಾವೇ ಕೂಡಿಸಿದ್ದು. ಹಂಚಿದ್ದು ಅಮೆರಿಕದಲ್ಲಿ ರೂಢಿಯಿರುವ ಲೆಕ್ಕದಂತೆ, ನೂರರಲ್ಲಿ 50, 25, 12, 8, 5. ಗೆದ್ದವರಿಗೆ 10,000, ಕೊನೆಯವರಿಗೂ 1,000. ಕೊನೆಗೆ ಬಂದದ್ದು ಮೆರವಣಿಗೆ ಕುದುರೆ. ಅದರ ಮಾಲೀಕ ದುಡ್ಡು ಕೈಗಿಟ್ಟಾಗ "ಸೋತಾವಗೂ ಕೊಡ್ತೀರೇನ್ರೀ?" ಎಂದು ನಕ್ಕ. ಮರುವಾರ ತಾನಾಗಿ ಮತ್ತೆ ಕುದುರೆ ತಂದ. ಜಾತ್ರೆಯ ಶರ್ಯತ್ತಿನಲ್ಲಿ ಎಲ್ಲವೂ ಮೊದಲಿಗನ ಪಾಲು, ಹಾಗಾಗಿ ಎರಡು ಸಲ ಸೋತವನು ಕುದುರೆ ಮಾರುತ್ತಾನೆ. ಐದನೆಯವನು ಹೊಟ್ಟು ಹುರುಳಿಯ ಖರ್ಚನ್ನಾದರೂ ಹುಟ್ಟಿಸಿಕೊಂಡರೆ ಕಸುಬು ನಿಲ್ಲುತ್ತದೆ ಎಂಬುದು ನನ್ನ ವಾದ. ನಮ್ಮಲ್ಲಿಯ ಇಬ್ಬರು ಒಪ್ಪುವುದಿಲ್ಲ, ದೊಡ್ಡ ಮೊದಲ ಬಹುಮಾನ ಇಲ್ಲದೆ ಹೊರಊರಿನವರು ಬರುವುದಿಲ್ಲ ಅಂತಾರೆ. ಈ ದುಡ್ಡು ಪ್ರತಿ ಸಲ ಎಲ್ಲಿಂದ ಎಂಬುದಕ್ಕೆ ಉತ್ತರ ನನ್ನಲ್ಲೂ ಇಲ್ಲ, ಅವರಲ್ಲೂ ಇಲ್ಲ. ಸ್ವೀಡನ್ನಿನಲ್ಲಿ ಬಾಜಿಯ ಹಣವನ್ನೇ ಆಟಕ್ಕೆ ತಿರುಗಿಸಲು 1974ರಲ್ಲಿ ಎಟಿಜಿ ಎಂಬ ಕಂಪನಿ ಮಾಡಿಕೊಂಡರು. ನಾವು ಬಾಜಿಯ ಮಾತನ್ನೇ ಎತ್ತುತ್ತಿಲ್ಲ. ಗೊಬ್ಬರದ ಅಂಗಡಿ, ಬೀಜದ ಕಂಪನಿಗಳನ್ನು ಕೇಳಿ ನೋಡಬೇಕು.

ಮುಂದೆ

ಎರಡನೇ ತಿರುವಿನ ಗರಸು ಕಬ್ಬಿನ ಹಂಗಾಮು ಮುಗಿಯುವವರೆಗೆ ಬರುವುದಿಲ್ಲ, ಟ್ರ್ಯಾಕ್ಟರುಗಳೆಲ್ಲ ಕಾರ್ಖಾನೆ ದಾರಿಯಲ್ಲಿವೆ. ಅಷ್ಟರಲ್ಲಿ ನಾಲ್ಕನೇ ಗಾಡಿಯ ಚೌಕಟ್ಟನ್ನು ತೆಳು ಪೈಪಿನಲ್ಲಿ ಮಾಡಿ 25 ಕಿಲೋಗೆ ಇಳಿಸುವ ಆಸೆ. ಏಸ್‌ನ ಬಿದಿರಿನ ರೆಕ್ಕೆಗೆ ಬದಲು ಪ್ಲಾಸ್ಟಿಕ್ ಪೈಪು ಹಾಕಬೇಕು. ಕೆಂದಿಯ ಗತಿಗೆ ಜೊತೆಗಾರ ಕುದುರೆ ಸಿಕ್ಕಿಲ್ಲ, ಪ್ರತಿ ಸಲ ಕುಕ್ಕುಲೋಟದವುಗಳ ಜೊತೆ ಓಡಿಸುವುದು ನ್ಯಾಯವಲ್ಲ. ನೂರಿಪ್ಪತ್ತು ವರ್ಷದ ಹಿಂದೆ ಡ್ಯಾನ್ ಪ್ಯಾಚ್ ಎಂಬ ಕುದುರೆಗೆ ಎದುರಾಳಿಗಳೇ ಸಿಗದೆ ಅಮೆರಿಕದ ಜಾತ್ರೆಗಳಲ್ಲಿ ಅದನ್ನು ಗಡಿಯಾರದ ಎದುರು ಒಂಟಿಯಾಗಿ ಓಡಿಸುತ್ತಿದ್ದರಂತೆ. ಕೆಂದಿಯನ್ನೂ ಸದ್ಯಕ್ಕೆ ಹಾಗೇ ಓಡಿಸುವುದು, ಹೊತ್ತು ಬರೆದಿಡುವುದು. ಗಾಲಿಯ ಕವಲಿನ ಅಳತೆ ಬೇಕಾದವರು ಕೇಳಿ, ಚಿತ್ರ ಬರೆದು ಹಾಕುತ್ತೇನೆ.