ಕೋರ್ಟಿನ ಫೀಸ್ ಕಟ್ಟದಿದ್ದರೆ ಒಳಗೆ ಹಾಕ್ತಾರಾ?

ಅಮೆರಿಕದ ಅಟ್ಲಾಂಟಾದಲ್ಲಿರುವ ನಮ್ಮ ಕಡೆಯ ಹುಡುಗರು ನನಗೆ ಫೋನ್ ಮಾಡಿ ಕೇಳುವುದು ಒಂದೇ. "ಅಣ್ಣಾ, ಕೋರ್ಟಿಗೆ ಕಟ್ಟೋಕೆ ದುಡ್ಡಿಲ್ಲ. ಪ್ರೊಬೇಷನ್ ಮೀರಿದ್ದೀಯ ಅಂತ ಕಾಗದ ಬಂದಿದೆ. ಒಳಗೆ ಹಾಕ್ತಾರಾ?"

ಊರಲ್ಲಿ ಪ್ರೊಬೇಷನ್ ಅಂದರೆ ಕೆಲಸ ಖಾಯಂ ಆಗುವ ಮುಂಚಿನ ದಿನಗಳು. ಇಲ್ಲಿ ಅದು ಬೇರೆಯೇ: ಜೈಲಿಗೆ ಹಾಕದೆ, ಕೋರ್ಟಿನ ನಿಗಾದಲ್ಲಿ ಷರತ್ತು ಹಾಕಿ ಹೊರಗೆ ಬಿಡುವುದು. ಅಟ್ಲಾಂಟಾ ಇರುವ ಜಾರ್ಜಿಯಾ ರಾಜ್ಯದಲ್ಲಿ ಜೋರಾಗಿ ಕಾರು ಓಡಿಸುವುದೂ ಸಣ್ಣ ಅಪರಾಧದ ಲೆಕ್ಕಕ್ಕೇ ಬರುತ್ತದೆ. ಫೈನನ್ನು ಅವತ್ತೇ ಕಟ್ಟಲಾಗದವರನ್ನು ಪ್ರೊಬೇಷನ್‌ಗೆ ಹಾಕಿ, ಕಂತಿನಲ್ಲಿ ಕಟ್ಟಿ ಅಂತಾರೆ. ಅದರ ಮೇಲೆ ತಿಂಗಳು ತಿಂಗಳು ಮೇಲ್ವಿಚಾರಣೆಯ ಫೀಸು. ಎಷ್ಟೋ ಕಡೆ ಅದನ್ನು ವಸೂಲಿ ಮಾಡುವುದು ಖಾಸಗಿ ಕಂಪನಿ. ದುಡ್ಡಿಲ್ಲದವನಿಗೇ ಜಾಸ್ತಿ ಬಿಲ್ಲು! ಬರೀ ಹಣ ಕಟ್ಟುವುದಕ್ಕೆಂದೇ ಪ್ರೊಬೇಷನ್‌ನಲ್ಲಿ ಇರುವವರಿಂದ ಮೂರು ತಿಂಗಳಿಗಿಂತ ಹೆಚ್ಚಿನ ಫೀಸು ಕೇಳಬಾರದು ಅಂತ 2015ರಲ್ಲಿ ರಾಜ್ಯ ಕಾನೂನು ಮಾಡಿತು.

ಇನ್ನು ಉತ್ತರ. ದುಡ್ಡಿಲ್ಲ ಅನ್ನುವ ಒಂದೇ ಕಾರಣಕ್ಕೆ ಹಾಕುವ ಹಾಗಿಲ್ಲ. ಇದು ಇತ್ಯರ್ಥವಾಗಿದ್ದೂ ಇದೇ ಜಾರ್ಜಿಯಾದ ಕೇಸಿನಲ್ಲಿ. ಬಿಯರ್ಡನ್ ಅನ್ನುವವನು 750 ಡಾಲರ್ ಕಟ್ಟಬೇಕಿತ್ತು. ಅಪ್ಪ ಅಮ್ಮನ ಹತ್ತಿರ ಸಾಲ ಮಾಡಿ 200 ಕಟ್ಟಿದ. ಅಷ್ಟರಲ್ಲಿ ಕೆಲಸ ಹೋಯಿತು. ಓದು ಬರಹ ಬಾರದವನು, ಎಷ್ಟು ಅಲೆದರೂ ಬೇರೆ ಕೆಲಸ ಸಿಗಲಿಲ್ಲ. ಉಳಿದ 550 ತಡವಾಗುತ್ತದೆ ಅಂತ ಪ್ರೊಬೇಷನ್ ಆಫೀಸಿಗೆ ಮೊದಲೇ ತಿಳಿಸಿದ್ದ. ಆದರೂ ಜೈಲಿಗೆ ಹಾಕಿದರು. 1983ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು ತಪ್ಪು ಅಂದಿತು. ಬೇಕೆಂದೇ ಕಟ್ಟಲಿಲ್ಲವೋ, ನಿಜಕ್ಕೂ ಇರಲಿಲ್ಲವೋ ಅಂತ ಜಡ್ಜ್ ಮೊದಲು ವಿಚಾರಿಸಬೇಕು. ಪ್ರಾಮಾಣಿಕವಾಗಿ ಪ್ರಯತ್ನಪಟ್ಟೂ ಆಗದಿದ್ದರೆ, ಜೈಲು ಬಿಟ್ಟು ಬೇರೆ ದಾರಿ ಇದೆಯೇ ಅಂತ ನೋಡಬೇಕು: ಗಡುವು ಮುಂದೂಡುವುದು, ಮೊತ್ತ ಇಳಿಸುವುದು, ಅಥವಾ ಕಮ್ಯುನಿಟಿ ಸರ್ವೀಸ್, ಅಂದರೆ ಹಣದ ಬದಲು ಸಂಬಳವಿಲ್ಲದ ಸಮಾಜಸೇವೆ.

ನಮ್ಮ ಹುಡುಗರು ಕೆಡುವುದು ಬೇರೆ ಕಡೆ. ಕೈಯಲ್ಲಿ ಕಾಸಿಲ್ಲ ಅಂತ ನಾಚಿಕೆಪಟ್ಟು ಪ್ರೊಬೇಷನ್ ಆಫೀಸಿಗೆ ಹೋಗುವುದನ್ನೇ ಬಿಡುತ್ತಾರೆ. ಹಣವಿಲ್ಲದ್ದಕ್ಕೆ ಕ್ಷಮೆ ಇದೆ, ತಲೆ ತಪ್ಪಿಸಿಕೊಂಡಿದ್ದಕ್ಕೆ ಇಲ್ಲ. ವಾರಂಟ್ ಹೊರಟರೆ, ಮುಂದೆ ಯಾವತ್ತೋ ಪೊಲೀಸರು ಕಾರು ನಿಲ್ಲಿಸಿದಾಗ ಅದು ಸಿಕ್ಕಿಬೀಳುತ್ತದೆ. ಬರಿಗೈಲಾದರೂ ಹೋಗಿ. ಹತ್ತು ಡಾಲರ್ ಇದ್ದರೆ ಹತ್ತೇ ಕಟ್ಟಿ, ರಸೀದಿ ಇಸ್ಕೊಳ್ಳಿ.

ಹಿಯರಿಂಗಿಗೆ ಬ್ಯಾಂಕ್ ಸ್ಟೇಟ್‌ಮೆಂಟು, ಬಾಡಿಗೆ ಕರಾರು, ಸಂಬಳದ ಚೀಟಿ ಒಯ್ಯಿರಿ. ವಿದ್ಯಾರ್ಥಿಗಳು ವೀಸಾ ಕಾಗದವನ್ನೂ ಮರೆಯಬೇಡಿ. "ಯಾಕಪ್ಪಾ ಕೆಲಸಕ್ಕೆ ಸೇರಬಾರದು?" ಅಂತ ಜಡ್ಜ್ ಕೇಳಿಯೇ ಕೇಳುತ್ತಾರೆ. ತರಗತಿ ನಡೆಯುವಾಗ ಕ್ಯಾಂಪಸ್ಸಿನಲ್ಲಿ ವಾರಕ್ಕೆ 20 ಗಂಟೆ ಮಾತ್ರ, ಹೊರಗೆ ಅನುಮತಿ ಇಲ್ಲದೆ ದುಡಿಯುವ ಹಾಗಿಲ್ಲ ಅನ್ನುವುದು ಎಲ್ಲ ಜಡ್ಜ್‌ಗಳಿಗೂ ಗೊತ್ತಿರುತ್ತದೆ ಅಂದುಕೊಳ್ಳಬೇಡಿ.

ಇನ್ನೊಂದು. ನಮಗೆ ದೊಡ್ಡವರ ಮುಂದೆ ನಿಂತರೆ "ತಪ್ಪಾಯ್ತು ಸಾರ್" ಅನ್ನುವುದು ಅಭ್ಯಾಸ, ಅಲ್ವಾ? ಅಲ್ಲಿ ಅದನ್ನು ತಪ್ಪೊಪ್ಪಿಗೆ ಅಂತಲೇ ಬರೆದುಕೊಳ್ಳಬಹುದು. ಇಂಥ ವಿಚಾರಣೆಯಲ್ಲಿ ಜ್ಯೂರಿ, ಅಂದರೆ ತೀರ್ಮಾನ ಹೇಳುವ ಸಾಮಾನ್ಯ ಜನರ ಗುಂಪು, ಇರುವುದಿಲ್ಲ, ದೊಡ್ಡ ಕೇಸಿಗೆ ಬೇಕಾಗುವಷ್ಟು ಸಾಕ್ಷಿಯೂ ಬೇಡ. ಅದಕ್ಕೇ ಬಾಯಿ ಬಿಡುವ ಮುಂಚೆ ಪಬ್ಲಿಕ್ ಡಿಫೆಂಡರ್, ಅಂದರೆ ಬಡವರಿಗೆ ಸರ್ಕಾರದ ಖರ್ಚಿನಲ್ಲಿ ಸಿಗುವ ವಕೀಲರು, ಬೇಕು ಅಂತ ಕೇಳಿ. ವೀಸಾದಲ್ಲಿ ಇರುವವರು ಇಮಿಗ್ರೇಷನ್ ವಕೀಲರನ್ನೂ ಒಮ್ಮೆ ವಿಚಾರಿಸಿ. ನಾನು ವಕೀಲನಲ್ಲ, ಕೋರ್ಟಿನ ಬೆಂಚಿನಲ್ಲಿ ನಿಮ್ಮ ಪಕ್ಕ ಕೂರುವವನು ಅಷ್ಟೇ. ತಾರೀಖಿನ ಹಿಂದಿನ ರಾತ್ರಿ ಅಲ್ಲ, ಕಾಗದ ಬಂದ ದಿನವೇ ಫೋನ್ ಮಾಡಿ.