ಬಿಸಿಲಿಲ್ಲದ ತಿಂಗಳಲ್ಲಿ ಹಳದಿಯಾದ ಕೂಸು

ಎಳೆಗೂಸಿಗೆ ಹಳದಿ ಆಗಿದೆ ಅಂದರೆ ಸಾಕು, ಎಲ್ಲರ ಬಾಯಲ್ಲೂ ಒಂದೇ ಮಾತು: ಬೆಳಿಗ್ಗೆ ಎಳೆ ಬಿಸಿಲಿಗೆ ಹಿಡಿಯಿರಿ, ಇಳಿಯುತ್ತದೆ. ಮೈಸೂರಿನಿಂದ ಅತ್ತೆ ಫೋನ್ ಮಾಡಿ ಹೇಳಿದರು. ಕುಶಾಲನಗರದ ಚಿಕ್ಕಮ್ಮ ಹೇಳಿದರು. ಆದರೆ ನನ್ನ ಮಗಳು ಹುಟ್ಟಿದ್ದು ಕಕ್ಕಡದಲ್ಲಿ, ಜುಲೈ ಕೊನೆಗೆ. ಹೆರಿಗೆ ಮಡಿಕೇರಿಯಲ್ಲಿ, ಬಾಣಂತನ ನನ್ನ ತವರಲ್ಲಿ. ಸೋಮವಾರಪೇಟೆಯಿಂದ ಮೇಲೆ ಶಾಂತಳ್ಳಿ ಕಡೆ, ಪುಷ್ಪಗಿರಿ ಬೆಟ್ಟದ ಮಗ್ಗುಲಲ್ಲಿ ನಮ್ಮ ಮನೆ. ಕೊಡಗಿನಲ್ಲೇ ಮಳೆ ಜಾಸ್ತಿ ಬೀಳುವ ಜಾಗಗಳಲ್ಲಿ ಅದೊಂದು. ಆ ತಿಂಗಳಲ್ಲಿ ಅಲ್ಲಿ ಬಿಸಿಲು ಹುಡುಕಿದರೂ ಸಿಗುವುದಿಲ್ಲ. ಮಧ್ಯಾಹ್ನಕ್ಕೂ ಅಂಗಳದಲ್ಲಿ ಮಂಜು ನಿಂತಿರುತ್ತದೆ, ಕರೆಂಟು ಹೋದರೆ ಯಾವಾಗ ಬರುತ್ತದೆ ಅಂತ ಯಾರೂ ಕೇಳುವುದಿಲ್ಲ. ಇಂಥ ಊರಲ್ಲಿ, ಇಂಥ ತಿಂಗಳಲ್ಲಿ ಬಾಣಂತಿಯಾಗಿರುವವರಿಗೆ ಉಪಯೋಗ ಆಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಆಸ್ಪತ್ರೆಯಿಂದ ಮನೆಗೆ ಬರುವಾಗ ಮಗಳು ಚೆನ್ನಾಗಿಯೇ ಇದ್ದಳು. 37 ವಾರ ತುಂಬುತ್ತಿದ್ದ ಹಾಗೆ ಹುಟ್ಟಿದವಳು, ಸ್ವಲ್ಪ ಸಣ್ಣ ಕೂಸು, ಆದರೆ ಹುಟ್ಟಿದ ಒಂದು ಗಂಟೆಯೊಳಗೆ ಎದೆಗೆ ಬಾಯಿ ಹಾಕಿದ್ದಳು. ಬಿಸಿಜಿ, ಪೋಲಿಯೋ ಹನಿ, ಹೆಪಟೈಟಿಸ್ ಬಿ ಎಲ್ಲಾ ಅಲ್ಲೇ ಆಗಿತ್ತು. ಮನೆಯಲ್ಲಿ ಅವ್ವ ಎಲ್ಲಾ ಸಿದ್ಧ ಮಾಡಿಟ್ಟಿದ್ದರು. ಬಚ್ಚಲಲ್ಲಿ ಹಂಡೆ ಒಲೆ ಆರಿದ್ದೇ ಇಲ್ಲ. ಮಳೆಗಾಲದಲ್ಲಿ ಕೂಸಿನ ಬಟ್ಟೆ ಒಣಗಿಸುವುದೇ ಒಂದು ದೊಡ್ಡ ಕೆಲಸ, ಅಲ್ವಾ. ಅಗ್ಗಿಷ್ಟಿಕೆಯ ಮೇಲೆ ಬಿದಿರಿನ ಬುಟ್ಟಿ ಕವುಚಿ, ಅದರ ಮೇಲೆ ಹಳೇ ಸೀರೆಯ ತುಂಡುಗಳನ್ನು ಹರವಿ, ಒಂದೊಂದನ್ನೂ ತಿರುವಿ ಹಾಕುತ್ತಾ ಅವ್ವ ರಾತ್ರಿ ಹನ್ನೊಂದರವರೆಗೆ ಕೂತಿರುತ್ತಿದ್ದರು. ಅದೂ ಅಡಿಗೆಮನೆಯಲ್ಲಿ. ನಾನು ಮಲಗುವ ಕೋಣೆಗೆ ಕೆಂಡ ತರಲು ನಾನು ಬಿಡಲಿಲ್ಲ. ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ, ನಿದ್ದೆಯಲ್ಲೇ ಜೀವ ಹೋಗುತ್ತದೆ. ಚಳಿಯ ಊರಿನವರು ಇದನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಬೇಕು.

ಮಗಳು ಅಳುತ್ತಲೇ ಇರಲಿಲ್ಲ. ಎದೆಗೆ ಹಾಕಿದರೆ ನಾಲ್ಕು ಗುಟುಕು ಕುಡಿದು ನಿದ್ದೆ. ಪಾದ ತಿಕ್ಕಿ ಎಬ್ಬಿಸಿದರೆ ಮತ್ತೆ ಎರಡು ಗುಟುಕು, ಮತ್ತೆ ನಿದ್ದೆ. ನೋಡಲು ಬಂದವರೆಲ್ಲ "ಎಷ್ಟು ಒಳ್ಳೆ ಕೂಸು, ಅಮ್ಮನಿಗೆ ತೊಂದರೆನೇ ಕೊಡಲ್ಲ" ಅಂದರು. ನನಗೆ ಯಾಕೋ ಆ ಮಾತು ಹಿಡಿಸಲಿಲ್ಲ. ಮೊದಲ ವಾರದ ಕೂಸು ದಿನಕ್ಕೆ ಎಂಟರಿಂದ ಹನ್ನೆರಡು ಸಲ ಹಾಲು ಕುಡಿಯಬೇಕು ಅಂತ ನರ್ಸ್ ಹೇಳಿ ಕಳಿಸಿದ್ದರು. ಇವಳು ತಾನಾಗಿ ಎದ್ದು ಕೇಳುತ್ತಲೇ ಇರಲಿಲ್ಲ.

ಹುಟ್ಟಿದ 3, 7, 14, 21, 28 ಮತ್ತು 42ನೇ ದಿನ ಆಶಾ ಕಾರ್ಯಕರ್ತೆ ಮನೆಗೆ ಬಂದು ಕೂಸನ್ನು ನೋಡಬೇಕು ಅನ್ನುವುದು ಸರ್ಕಾರದ ನಿಯಮ. ನಮ್ಮ ಆಶಾ ಅಕ್ಕ ಆ ಮಳೆಯಲ್ಲೂ ಮೂರನೇ ದಿನಕ್ಕೇ ಬಂದರು. ಗಂಬೂಟ್ ಹಾಕಿಕೊಂಡು, ತೂಕದ ತಕ್ಕಡಿಯನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿಕೊಂಡು. ಜಗಲಿಯಲ್ಲಿ ಕೂತು ಕಾಲಿನ ಜಿಗಣೆ ಕಿತ್ತು ಹಾಕಿ, ಸೋಪು ಹಚ್ಚಿ ಕೈ ತೊಳೆದುಕೊಂಡು ಒಳಗೆ ಬಂದವರು ಮೊದಲು ಹೇಳಿದ್ದು, "ಕಿಟಕಿ ಹತ್ರ ತಗೊಂಡು ಬಾರಮ್ಮ, ಬಲ್ಬ್ ಬೆಳಕಲ್ಲಿ ಏನೂ ಗೊತ್ತಾಗಲ್ಲ."

ಕಿಟಕಿ ಬೆಳಕಲ್ಲಿ ಅವರು ಕೂಸಿನ ಹಣೆಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ಬಿಟ್ಟರು. ಬೆರಳು ತೆಗೆದ ಜಾಗ ಹಳದಿ. ಎದೆ ಒತ್ತಿದರು, ಹಳದಿ. ಹೊಟ್ಟೆಯೂ ಹಾಗೇ. ತೊಡೆಯ ತನಕ ಇಳಿದಿತ್ತು. ಎಳೆಗೂಸಿನ ಹಳದಿ ಮುಖದಿಂದ ಶುರುವಾಗಿ ಕೆಳಗೆ ಇಳಿಯುತ್ತದೆ, ಅಂಗೈ ಅಂಗಾಲಿಗೆ ಬಂತು ಅಂದರೆ ತುಂಬಾ ಏರಿದೆ ಅಂತ ಅರ್ಥ. ಆಮೇಲೆ ತೂಕ ಹಾಕಿದರು. ಮೊದಲ ದಿನಗಳಲ್ಲಿ ಎಲ್ಲಾ ಕೂಸುಗಳ ತೂಕವೂ ಸ್ವಲ್ಪ ಇಳಿಯುತ್ತದೆ, ಹತ್ತರಿಂದ ಹದಿನಾಲ್ಕು ದಿನದೊಳಗೆ ಮತ್ತೆ ಹುಟ್ಟಿದ ತೂಕಕ್ಕೆ ಬರುತ್ತದೆ. ಆದರೆ ಇಳಿಕೆ ಹತ್ತರಲ್ಲೊಂದು ಪಾಲು ದಾಟಬಾರದು. ಇವಳದ್ದು ಅದರ ಹತ್ತಿರ ಬಂದಿತ್ತು.

ಅವ್ವ ಕೇಳಿದರು, "ಎಲ್ಲಾ ಮಕ್ಕಳಿಗೂ ಆಗೋದೇ ಅಲ್ವಾ ಇದು? ಎರಡು ದಿನ ನೋಡಾಣ. ಮಳೆ ಸ್ವಲ್ಪ ಹೊಳವಾದರೆ ಬಿಸಿಲಿಗೆ ಹಿಡಿಯಬಹುದು."

"ಅಕ್ಕ, ಹಾಲು ಕುಡಿತಿಲ್ಲ, ಎಬ್ಬಿಸಿದ್ರೂ ಏಳ್ತಿಲ್ಲ. ಬಿಸಿಲು ಕಾಯೋದು ಬೇಡ. ಇವತ್ತೇ ಹೊರಡಿ" ಅಂದರು ಆಶಾ ಅಕ್ಕ. ಅವರು ಅಷ್ಟು ಖಡಾಖಂಡಿತವಾಗಿ ಹೇಳದೆ ಇದ್ದಿದ್ದರೆ ನಮ್ಮ ಮನೆಯಲ್ಲಿ ಅವತ್ತು ಯಾರೂ ಹೊರಡುತ್ತಿರಲಿಲ್ಲ. ಆ ಮಳೆ ಹಾಗಿತ್ತು.

ದೊಡ್ಡಪ್ಪನ ಮಗ ಜೀಪ್ ತಂದ. ಕೂಸನ್ನು ಟೋಪಿ, ಕಾಲುಚೀಲ ಹಾಕಿ, ಮೈಗೆ ಬಟ್ಟೆಯಿಲ್ಲದೆ ನನ್ನ ಎದೆಗೇ ಅಂಟಿಸಿಕೊಂಡೆ. ಮೇಲೆ ನನ್ನ ಸ್ವೆಟರ್, ಅದರ ಮೇಲೆ ಅವ್ವನ ಶಾಲು, ಆಚೆ ಕಡೆಯಿಂದ ಕಂಬಳಿ. ಕಾಂಗರೂ ಆರೈಕೆ ಅಂತಾರಲ್ಲ, ಅದೇ. 1978ರ ಸುಮಾರಿಗೆ ಕೊಲಂಬಿಯಾ ದೇಶದ ಬೊಗೋಟಾದಲ್ಲಿ ಬೆಚ್ಚಗಿಡುವ ಪೆಟ್ಟಿಗೆಗಳು ಸಾಕಾಗದೆ ಇದ್ದಾಗ ಡಾಕ್ಟರುಗಳು ಸಣ್ಣ ಕೂಸುಗಳನ್ನು ತಾಯಂದಿರ ಎದೆಗೆ ಕಟ್ಟಿ ಬದುಕಿಸಿಕೊಂಡರಂತೆ. ಹೆರಿಗೆಯಾದ ದಿನ ನರ್ಸ್ ನನಗೆ ಹಿಡಿಯುವ ರೀತಿ ತೋರಿಸಿಕೊಟ್ಟಿದ್ದರು: ಮೂಗು ಬಾಯಿ ಮುಚ್ಚಬಾರದು, ಮುಖ ಒಂದು ಬದಿಗೆ ಇರಬೇಕು, ಕತ್ತು ಮಡಚಬಾರದು. ಜೀಪಿನಲ್ಲಿ ಎರಡೆರಡು ನಿಮಿಷಕ್ಕೆ ಶಾಲು ಸರಿಸಿ ಅವಳ ಉಸಿರು ನೋಡುತ್ತಾ ಕೂತೆ.

ಸೋಮವಾರಪೇಟೆ ದಾಟಿದ ಮೇಲೆ ಒಂದು ಕಡೆ ರಸ್ತೆಗೆ ಸಿಲ್ವರ್ ಮರ ಬಿದ್ದಿತ್ತು. ತೋಟದ ಹುಡುಗರು ಆಗಲೇ ಮಿಷನ್ ತಂದು ಕೊಯ್ಯುತ್ತಿದ್ದರು. ಒಳಗೆ ಕೂಸಿದೆ ಅಂತ ತಿಳಿದ ಮೇಲೆ, ಇಡೀ ಮರ ತೆಗೆಯುವ ಬದಲು ಮೊದಲು ಜೀಪ್ ನುಗ್ಗುವಷ್ಟು ಜಾಗ ಬಿಡಿಸಿಕೊಟ್ಟರು. ಅವರ ಹೆಸರೂ ನನಗೆ ಗೊತ್ತಿಲ್ಲ, ಆದರೆ ಆ ಉಪಕಾರ ಮರೆಯುವುದಿಲ್ಲ. ಮಾದಾಪುರ, ಹಟ್ಟಿಹೊಳೆ, ಮಕ್ಕಂದೂರು. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಜರಿದು ಬಂದ ದಾರಿ ಅದು. ಈಗಲೂ ಜೋರು ಮಳೆಯಲ್ಲಿ ಆ ತಿರುವುಗಳಲ್ಲಿ ಯಾರೂ ಮಾತಾಡುವುದಿಲ್ಲ. ನಾನು ಅವಳ ಬೆನ್ನು ಸವರುತ್ತಾ, ಕೆನ್ನೆ ಮುಟ್ಟುತ್ತಾ, ಎಚ್ಚರ ಆದಾಗೆಲ್ಲ ಹಾಲು ಕೊಡುತ್ತಾ ಹೋದೆ.

ಮಡಿಕೇರಿಯ ಆಸ್ಪತ್ರೆಯಲ್ಲಿ ಹಿಮ್ಮಡಿಗೆ ಸಣ್ಣದಾಗಿ ಚುಚ್ಚಿ ರಕ್ತ ತೆಗೆದರು. ಬಿಲಿರುಬಿನ್, ಅಂದರೆ ಮೈ ಹಳದಿ ಮಾಡುವ ವಸ್ತು, 19ರ ಹತ್ತಿರ ಇತ್ತು. ದೊಡ್ಡವರಲ್ಲಿ ಅದು ಒಂದರ ಆಸುಪಾಸು ಇರುತ್ತದೆ. ಡಾಕ್ಟರಮ್ಮ ನನ್ನನ್ನು ಕೂರಿಸಿ ಬಿಡಿಸಿ ಹೇಳಿದರು. ಹೊಟ್ಟೆಯೊಳಗಿದ್ದಾಗ ಕೂಸಿಗೆ ಕೆಂಪು ರಕ್ತಕಣ ಜಾಸ್ತಿ ಇರುತ್ತವೆ. ಹುಟ್ಟಿದ ಮೇಲೆ ಅವು ಒಡೆಯುತ್ತವೆ, ಒಡೆದಾಗ ಈ ಹಳದಿ ವಸ್ತು ಬರುತ್ತದೆ. ಅದನ್ನು ಹೊರಗೆ ಹಾಕಬೇಕಾದ ಲಿವರ್ ಇನ್ನೂ ಬಲಿತಿರುವುದಿಲ್ಲ. ಹಾಗಾಗಿ ಅರ್ಧಕ್ಕಿಂತ ಜಾಸ್ತಿ ಕೂಸುಗಳಿಗೆ ಹಳದಿ ಆಗುತ್ತದೆ, ಮೂರರಿಂದ ಐದನೇ ದಿನಕ್ಕೆ ಏರಿ ತಾನೇ ಇಳಿಯುತ್ತದೆ. ಏರುವ ದಿನಕ್ಕೆ ಸರಿಯಾಗಿ ನಾವೆಲ್ಲ ಆಸ್ಪತ್ರೆ ಬಿಟ್ಟು ಮನೆಯಲ್ಲಿರುತ್ತೇವೆ, ತೊಂದರೆ ಅಲ್ಲಿದೆ. ನನ್ನ ಮಗಳಿಗೆ ಇನ್ನೆರಡು ಕಾರಣ ಸೇರಿತ್ತು. ನನ್ನದು ಓ ಗುಂಪಿನ ರಕ್ತ, ಅವಳದ್ದು ಎ. ನನ್ನಿಂದ ಅವಳಿಗೆ ಹೋದ ಪ್ರತಿಕಾಯಗಳು ಅವಳ ರಕ್ತಕಣಗಳನ್ನು ಬೇಗ ಒಡೆಯುತ್ತಿದ್ದವು. ಎರಡನೆಯದು, 37 ವಾರದ ಕೂಸು ಚೀಪಿ ಬೇಗ ಸುಸ್ತಾಗುತ್ತದೆ. ಹಾಲು ಕಡಿಮೆ ಆದರೆ ಕಕ್ಕ ಕಡಿಮೆ, ಕಕ್ಕ ಕಡಿಮೆ ಆದರೆ ಹಳದಿ ಹೊರಗೆ ಹೋಗದೆ ಕರುಳಿನಿಂದ ಮತ್ತೆ ರಕ್ತಕ್ಕೆ ಸೇರುತ್ತದೆ.

ಅವರು ಕೇಳಿದ ಒಂದು ಪ್ರಶ್ನೆ ನನಗೆ ಹೊಸದು. "ಕೂಸಿಗೆ ಸುತ್ತಿದ ಬಟ್ಟೆ ನ್ಯಾಫ್ತಲಿನ್ ಗುಳಿಗೆ ಹಾಕಿದ ಪೆಟ್ಟಿಗೆಯದಾ?" ಅಂತ. ನಮ್ಮ ಕಡೆ ಮಳೆಗಾಲದ ಥಂಡಿಗೆ ಬಟ್ಟೆ ಬೂಸ್ಟು ಹಿಡಿಯುತ್ತದೆ ಅಂತ ಎಲ್ಲರ ಪೆಟ್ಟಿಗೆಯಲ್ಲೂ ಆ ಬಿಳಿ ಗುಳಿಗೆ ಇದ್ದೇ ಇರುತ್ತದೆ, ಬಾಣಂತನಕ್ಕೆ ಹಳೇ ಕಾಟನ್ ಸೀರೆ ತೆಗೆಯುವುದೂ ಅದೇ ಪೆಟ್ಟಿಗೆಯಿಂದ. ಜಿ6ಪಿಡಿ ಅನ್ನುವ ಕಿಣ್ವ ಕಡಿಮೆ ಇರುವ ಕೂಸುಗಳಿಗೆ ಆ ಗುಳಿಗೆಯ ಗಾಳಿ ತಾಗಿದರೂ ರಕ್ತಕಣ ಒಡೆದು ಕಾಮಾಲೆ ವಿಪರೀತ ಏರಬಹುದಂತೆ. ಅವ್ವ ಸೀರೆಗಳನ್ನು ಕುದಿಸಿ ಒಗೆದಿದ್ದರು, ಅವರ ಪೆಟ್ಟಿಗೆಯಲ್ಲಿ ಇರುವುದು ಬೇವಿನ ಸೊಪ್ಪು. ಇದನ್ನು ಮಾತ್ರ ನಾನು ಸಿಕ್ಕಿದ ಬಸುರಿಯರಿಗೆಲ್ಲ ಹೇಳುತ್ತಿದ್ದೇನೆ.

ಕಣ್ಣಿಗೆ ಪಟ್ಟಿ ಕಟ್ಟಿ, ಬರೀ ಡೈಪರ್‌ನಲ್ಲಿ ಮಗಳನ್ನು ನೀಲಿ ಬೆಳಕಿನ ಕೆಳಗೆ ಮಲಗಿಸಿದರು. ಎದೆಯಿಂದ ಬಿಡಿಸಿ ಅಲ್ಲಿಟ್ಟಾಗ ಅವಳು ಒಂದೇ ಸಮನೆ ಅತ್ತಳು. ನಾನೂ ಅತ್ತೆ. ಹಾಲು ಕುಡಿಸಲು ಎತ್ತಿಕೊಳ್ಳಬಹುದು, ಆಮೇಲೆ ಮತ್ತೆ ಬೆಳಕಿಗೆ. ಚೀಪಲು ಸುಸ್ತಾಗುತ್ತಿದ್ದರಿಂದ ಹಾಲನ್ನು ಹಿಂಡಿ ಒಳಲೆಯಲ್ಲಿ ಕೊಡಿ ಅಂದರು ನರ್ಸ್. ಅವ್ವ ಸೊಂಟದ ಚೀಲದಿಂದ ಬೆಳ್ಳಿ ಒಳಲೆ ತೆಗೆದರು. ಹೊರಡುವ ಗಡಿಬಿಡಿಯಲ್ಲೂ ಅದನ್ನು ತಂದಿದ್ದರು. ಕುದಿಯುವ ನೀರಲ್ಲಿ ತೊಳೆದು, ಒಳಲೆಯ ಮೂತಿಯನ್ನು ಕೂಸಿನ ತುಟಿಯ ಅಂಚಿಗಿಟ್ಟು, ಹನಿ ಹನಿಯಾಗಿ ಅವರು ಕುಡಿಸುತ್ತಿದ್ದದ್ದನ್ನು ನೋಡಿ ಅಲ್ಲಿನ ಕಿರಿಯ ನರ್ಸ್ ಪಕ್ಕದ ಹಾಸಿಗೆಯವರನ್ನೂ ಕರೆದು ತೋರಿಸಿದರು.

ಪಕ್ಕದ ಹಾಸಿಗೆಯವರು ಸಿದ್ದಾಪುರ ಕಡೆಯ ತೋಟದ ಲೈನ್‌ಮನೆಯವರು. ಅವರ ಗಂಡುಕೂಸಿಗೆ ಮನೆಯಲ್ಲಿ ಯಾರೋ ಹೇಳಿ ಗ್ಲೂಕೋಸ್ ನೀರು ಕುಡಿಸಿದ್ದರಂತೆ. ನೀರಿನಿಂದ ಹೊಟ್ಟೆ ತುಂಬುತ್ತದೆ, ಹಳದಿ ಹೋಗುವುದಿಲ್ಲ. ಆರು ತಿಂಗಳವರೆಗೆ ಎದೆಹಾಲು ಬಿಟ್ಟರೆ ನೀರೂ ಬೇಡ. ಇನ್ನೊಬ್ಬರು ದೊಡ್ಡವರ ಅರಿಶಿನ ಕಾಮಾಲೆಗೆ ಕೊಡುವ ಸೊಪ್ಪಿನ ಮದ್ದು ತರಿಸಲು ಹೊರಟಿದ್ದರು. ದೊಡ್ಡವರ ಕಾಮಾಲೆಯೇ ಬೇರೆ, ಎಳೆಗೂಸಿನದೇ ಬೇರೆ. ಆ ತಾಯಿ ನನ್ನನ್ನು "ಅಕ್ಕ, ಬಿಸಿಲಿಗೆ ಹಿಡಿದ್ರೆ ಆಗ್ತಿರಲಿಲ್ವಾ?" ಅಂತ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಇಬ್ಬರೂ ಹೋಗಿ ಡಾಕ್ಟರಮ್ಮನನ್ನೇ ಕೇಳಿದೆವು.

ಅವರು ಹೇಳಿದ್ದು ನನಗೆ ತುಂಬಾ ಹಿಡಿಸಿತು. ಬಿಸಿಲಿನ ಮಾತು ಸುಮ್ನೆ ಹುಟ್ಟಿದ್ದಲ್ಲ. 1950ರ ದಶಕದಲ್ಲಿ ಇಂಗ್ಲೆಂಡಿನ ರಾಚ್‌ಫರ್ಡ್ ಆಸ್ಪತ್ರೆಯಲ್ಲಿ ವಾರ್ಡ್ ಅನ್ನುವ ನರ್ಸ್ ಒಬ್ಬರು ಕೂಸುಗಳನ್ನು ಅಂಗಳಕ್ಕೆ ತಂದು ಬಿಸಿಲಲ್ಲಿ ಇಡುತ್ತಿದ್ದರಂತೆ. ಒಂದು ಕೂಸಿನ ಮೈಯಲ್ಲಿ ಬಟ್ಟೆ ಮುಚ್ಚಿದ್ದ ಜಾಗ ಮಾತ್ರ ಹಳದಿ ಉಳಿದು, ಬಿಸಿಲು ಬಿದ್ದ ಕಡೆ ಹಳದಿ ಕಡಿಮೆ ಆಗಿದ್ದನ್ನು ಅವರು ಡಾಕ್ಟರುಗಳಿಗೆ ತೋರಿಸಿದರು. ಅಲ್ಲಿಂದ ಶುರುವಾಗಿ ಕ್ರೆಮರ್ ಮತ್ತು ಜೊತೆಯವರು 1958ರಲ್ಲಿ ಬೆಳಕಿನ ಚಿಕಿತ್ಸೆಯ ಬಗ್ಗೆ ಪ್ರಕಟಿಸಿದರು. ನೀಲಿ ಬೆಳಕು ಚರ್ಮದಲ್ಲಿರುವ ಬಿಲಿರುಬಿನ್‌ನ ರೂಪ ಬದಲಿಸುತ್ತದೆ, ಹಾಗೆ ಬದಲಾದದ್ದು ಲಿವರಿಗೆ ಕಾಯದೆ ಮಲಮೂತ್ರದಲ್ಲಿ ಹೊರಗೆ ಹೋಗುತ್ತದೆ. ಬಿಸಿಲಲ್ಲೂ ಆ ಬೆಳಕು ಇದೆ, ಆದರೆ ಎಷ್ಟು ಬಿತ್ತು ಅಂತ ಅಳೆಯಲು ಆಗುವುದಿಲ್ಲ, ಬಟ್ಟೆ ಬಿಚ್ಚಿ ಗಂಟೆಗಟ್ಟಲೆ ಇಟ್ಟರೆ ಚರ್ಮ ಸುಡುತ್ತದೆ ಇಲ್ಲ ಮೈ ತಣ್ಣಗಾಗುತ್ತದೆ. "ನಿಮ್ಮೂರಲ್ಲಿ ಬಿಸಿಲು ಇದ್ದಿದ್ದರೂ ಈ ಮಟ್ಟಕ್ಕೆ ಸಾಲ್ತಿರಲಿಲ್ಲ" ಅಂದರು. ಮಿತಿ ಮೀರಿದರೆ ಬಿಲಿರುಬಿನ್ ಮಿದುಳಿಗೆ ಇಳಿಯುತ್ತದೆ. ಅಲ್ಲಿ ಆದ ಹಾನಿ ಮತ್ತೆ ಸರಿಹೋಗುವುದಿಲ್ಲ, ಕಿವಿ ಕೇಳಿಸದೆ ಹೋಗಬಹುದು, ಕೈಕಾಲು ಸ್ವಾಧೀನ ತಪ್ಪಬಹುದು.

ರಾತ್ರಿ ಊರೆಲ್ಲ ಕರೆಂಟು ಹೋಯಿತು. ಜನರೇಟರ್ ಹತ್ತುವವರೆಗೆ ಆ ನೀಲಿ ಬೆಳಕು ಇಲ್ಲದ ಹೊತ್ತು ನನಗೆ ತುಂಬಾ ಉದ್ದ ಅನ್ನಿಸಿತು. ಬೆಳಿಗ್ಗೆ ಮತ್ತೆ ರಕ್ತ ನೋಡಿದಾಗ ಇಳಿದಿತ್ತು. ಮಗಳು ಕಣ್ಣುಪಟ್ಟಿ ತೆಗೆದ ಕೂಡಲೇ ಬಾಯಿ ತೆರೆದು ಎದೆ ಹುಡುಕಿದಳು, ಗಟ್ಟಿಯಾಗಿ ಅತ್ತಳು. ಅವ್ವ "ಈಗ ಕೇಳಿತು ನೋಡು ನನ್ನ ಮೊಮ್ಮಗಳ ಗಂಟಲು" ಅಂತ ಕಣ್ಣೊರೆಸಿಕೊಂಡರು. ಬೆಳಕು ನಿಲ್ಲಿಸಿದ ಮೇಲೂ ಹಳದಿ ಸ್ವಲ್ಪ ಮರುಕಳಿಸಬಹುದು ಅಂತ ಒಂದು ದಿನ ಇಟ್ಟುಕೊಂಡು, ಮತ್ತೆ ಪರೀಕ್ಷೆ ಮಾಡಿ ಕಳಿಸಿದರು.

ಮನೆಗೆ ಬಂದ ಮೇಲೆ ನಾನು ಒಂದೇ ಲೆಕ್ಕ ಇಟ್ಟೆ: ಉಚ್ಚೆ ಬಟ್ಟೆಯ ಲೆಕ್ಕ. ಐದನೇ ದಿನದ ನಂತರ ದಿನಕ್ಕೆ ಆರಕ್ಕಿಂತ ಜಾಸ್ತಿ ಒದ್ದೆಯಾದರೆ ಹಾಲು ಸಾಕಾಗುತ್ತಿದೆ ಅಂತ. ಅಗ್ಗಿಷ್ಟಿಕೆ ಬುಟ್ಟಿಯ ಮೇಲೆ ಒಣಗಲು ಬಿದ್ದ ತುಂಡುಗಳನ್ನು ಅವ್ವ ದಿನಾ ರಾತ್ರಿ ನನಗೆ ಎಣಿಸಿ ಹೇಳುತ್ತಿದ್ದರು. ಮೂತ್ರ ಬಟ್ಟೆಗೆ ಹಳದಿ ಕಲೆ ಮಾಡಿದರೆ, ಮಲ ಸುಣ್ಣದ ಹಾಗೆ ಬಿಳಿಚಿದರೆ, ಎರಡು ವಾರ ದಾಟಿದರೂ ಹಳದಿ ಉಳಿದರೆ, ಮೈ ಬಿಸಿ 38 ಡಿಗ್ರಿ ಮುಟ್ಟಿದರೆ ಕಾಯದೆ ಬರಬೇಕು ಅಂದಿದ್ದರು. ಅಷ್ಟನ್ನೂ ಒಂದು ಚೀಟಿಯಲ್ಲಿ ಬರೆದು ತಾಯಿ ಕಾರ್ಡಿಗೆ ಸಿಕ್ಕಿಸಿಟ್ಟೆ. ಹೊಕ್ಕುಳ ಬಳ್ಳಿಗೆ ಏನೂ ಹಚ್ಚದೆ ಒಣಗಲು ಬಿಟ್ಟೆವು, ತಾನೇ ಬಿತ್ತು. ಸಾಂಬ್ರಾಣಿ ಹೊಗೆ ಬೇಡ ಅಂದಾಗ ಅವ್ವನಿಗೆ ಸ್ವಲ್ಪ ಬೇಜಾರಾಯಿತು. ಕೂಸಿನ ಶ್ವಾಸಕೋಶಕ್ಕೆ ಆಗುವುದಿಲ್ಲ ಅಂತ ಹೇಳಿದ ಮೇಲೆ ಒಪ್ಪಿ, ಅದನ್ನು ದೇವರ ಕೋಣೆಗೆ ಮಾತ್ರ ಇಟ್ಟುಕೊಂಡರು. ಬೆಳಿಗ್ಗೆ ಹೊತ್ತು ಅವ್ವ, ಸಂಜೆ ಹೊತ್ತು ನಮ್ಮವರು ಕೂಸನ್ನು ಬರಿಮೈಗೆ ಅಪ್ಪಿಕೊಂಡು ಕೂರುತ್ತಿದ್ದರು. ಅಪ್ಪಂದಿರೂ ಮಾಡಬಹುದು ಇದನ್ನು, ಮಾಡಬೇಕು. ನನಗೆ ಆ ಹೊತ್ತಿನಲ್ಲಿ ಒಂದು ಗಂಟೆ ನಿದ್ದೆ ಸಿಗುತ್ತಿತ್ತು.

ಬಿಲಿರುಬಿನ್ ಅಷ್ಟು ಏರಿದ ಕೂಸುಗಳಿಗೆ ಕಿವಿ ಪರೀಕ್ಷೆ ಮಾಡಿಸಲೇಬೇಕು ಅಂದಿದ್ದರು. ಮಳೆ ಸ್ವಲ್ಪ ಕಡಿಮೆಯಾದ ಮೇಲೆ ಅದೇ ಜೀಪಿನಲ್ಲಿ ಹೋಗಿ ಮಾಡಿಸಿದೆವು. ಎರಡೂ ಕಿವಿ ಸರಿಯಾಗಿವೆ. ತೂಕ ಹುಟ್ಟಿದಾಗಿನದ್ದನ್ನು ದಾಟಿದೆ. ಮುಂದಿನದು ಒಂದೂವರೆ ತಿಂಗಳ ಲಸಿಕೆ, ಅದಕ್ಕೆ ಆಶಾ ಅಕ್ಕ ಆಗಲೇ ದಿನ ಬರೆದುಕೊಟ್ಟಿದ್ದಾರೆ.